ಎಡಕ್ಕೆ ತಿರುಗಿದ ರಿವಾಲ್ವರ್

ಗುಂಡು ಹಾರಿತು. ಹಾರುವುದೇ ಇಲ್ಲ ಎಂದು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಮನೆಯವರಿಗೆಲ್ಲ ತೋರಿಸಿಕೊಂಡು ಬಂದಿದ್ದ ಗುಂಡು, ಊಟ ಮುಗಿದು ಕಣ್ಣು ಎಳೆಯುವ ಭಾನುವಾರದ ಹೊತ್ತಿನಲ್ಲಿ, ಮೂರನೇ ಮಹಡಿಯ ಆ ಮನೆಯ ಮುಂದಿನ ಕೋಣೆಯಲ್ಲಿ ಢಮಾರ್ ಎಂದು ಹಾರಿತು. ಹಾರಿಸಿದವನು ಯಾರೋ ತಲೆಕೆಟ್ಟ ಹುಡುಗನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಹಾರಿಸಿದವನು ಲಿಫ್ಟ್ ಮಾಮ. ಬೀದಿಯಲ್ಲಿ ಯಾರಾದರೂ ಏಣಿ ಹತ್ತಿದರೆ ಸಾಕು, ಓಡಿಹೋಗಿ ಬುಡ ಹಿಡಿದು ನಿಲ್ಲುತ್ತಿದ್ದ ಲಿಫ್ಟ್ ಮಾಮ! ಕೇಳಿದವರಿಗೆ ನಂಬಿಕೆಯೇ ಬರಲಿಲ್ಲ. ಅವನಿಗಂತೂ ಇವತ್ತಿಗೂ ಪೂರ್ತಿ ಬಂದಿಲ್ಲ.

ಮಾಮನದು ಹದಿನೆಂಟನೇ ವಯಸ್ಸಿಗೇ ಗ್ರೀಸ್ ಡಬ್ಬ ಹಿಡಿದು ಲಿಫ್ಟಿನ ಹೊಂಡಕ್ಕೆ ಇಳಿದ ಜೀವ. ಅರುವತ್ತು ಹತ್ತಿರ ಬಂದರೂ ಅದೇ ಕೆಲಸ. ಊರಿನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ನಡುವೆ ನಿಂತರೆ ಜನ ಮೊದಲು ದೇವರನ್ನು, ಆಮೇಲೆ ಮಾಮನನ್ನು ನೆನೆಯುತ್ತಿದ್ದರು. ಮಾಮ ಬೇಗ ಬರುತ್ತಿದ್ದ. ಅವನ ಹೆಸರು ಬೆಳೆದದ್ದು ರಿಪೇರಿಗಿಂತ ಹೆಚ್ಚಾಗಿ ರಿಪೇರಿಯ ನಂತರ ಅವನು ಮಾಡುತ್ತಿದ್ದ ಒಂದು ಕೆಲಸದಿಂದ. ಹೆದರಿ ನಿಂತವರನ್ನೆಲ್ಲ ಬಾಗಿಲ ಬಳಿ ಸೇರಿಸಿ, ತಾನೊಬ್ಬನೇ ಒಳಹೊಕ್ಕು, ತುದಿಯ ಮಹಡಿಗೆ ಹೋಗಿ ಇಳಿದು ಬರುತ್ತಿದ್ದ. ಬಾಗಿಲು ತೆರೆದುಕೊಂಡಾಗ ಎದೆಯುಬ್ಬಿಸಿ, "ನೋಡಿದ್ರಲ್ಲ? ನಾನೇ ಹೋಗಿ ಬಂದೆ. ಇನ್ನೇನು ಹೆದರಿಕೆ?" ಎನ್ನುತ್ತಿದ್ದ. ಜನ ನಗುತ್ತ ಹತ್ತುತ್ತಿದ್ದರು. ಬಾಯಲ್ಲಿ ಹೇಳಿದ್ದನ್ನು ಯಾರೂ ನಂಬುವುದಿಲ್ಲ, ಮಾಡಿ ತೋರಿಸಿದರೆ ಎಲ್ಲರೂ ನಂಬುತ್ತಾರೆ ಎನ್ನುವುದು ಅವನು ಆ ಕೆಲಸದಿಂದ ಕಲಿತ ದೊಡ್ಡ ಪಾಠ.

ಅವನಿಗಿದ್ದ ಹುಚ್ಚು ಒಂದೇ, ರಿವಾಲ್ವರ್. ಕೆಲಸ ಕಲಿಸಿದ ಹಳೆಯ ಫೋರ್‌ಮನ್ ನಿವೃತ್ತರಾದಾಗ ಅವರಿಂದ ಕೊಂಡದ್ದು. ಆರು ಗುಂಡಿನದು. ಕಪ್ಪು ನೀಲಿ ಬಣ್ಣ ನಳಿಗೆಯ ತುದಿಯಲ್ಲಿ ಸವೆದು ಹಳೆಯ ನಾಣ್ಯದ ಹಾಗೆ ಬೆಳ್ಳಗಾಗಿತ್ತು. ಹಿಡಿಯ ಮರದಲ್ಲಿ ಫೋರ್‌ಮನ್ನರ ಹೆಬ್ಬೆಟ್ಟು ಕೂತು ಕೂತು ಆಗಿದ್ದ ತಗ್ಗಿನಲ್ಲಿ ಈಗ ಮಾಮನ ಹೆಬ್ಬೆಟ್ಟು ಸರಿಯಾಗಿ ಕೂರುತ್ತಿತ್ತು. ಆದರೆ ಅವನು ಮರುಳಾಗಿದ್ದುದು ಅದರ ಸದ್ದಿಗೆ. ಟ್ರಿಗರ್ ಎಳೆದಾಗ, ಗುಂಡು ಕೂರುವ ಆರು ಮನೆಗಳ ಸಿಲಿಂಡರ್ ಬಲಕ್ಕೆ ಒಂದು ಮನೆ ಸರಿದು ಕೂರುವ ಸದ್ದು. ಲಿಫ್ಟ್ ಸರಿಯಾದ ಮಹಡಿಗೆ ಬಂದು ನಿಂತಾಗ ಬರುವ ಸದ್ದಿನಷ್ಟೇ ಖಚಿತ ಅದು. "ಕಣ್ಣು ಮುಚ್ಕೊಂಡು ಹೇಳ್ತೀನಿ, ಇದು ನನ್ನದೇ ಅಂತ" ಎಂದು ಕೊಚ್ಚಿಕೊಳ್ಳುತ್ತಿದ್ದ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯನ್ನು ಪ್ಲೈವುಡ್ ಹಲಗೆಯಿಂದ ಅಡ್ಡ ಕಟ್ಟಿ, ಆಚೆಯ ಅರ್ಧದಲ್ಲಿ ಅವಳ ಮಿಷನ್ ಇಟ್ಟಿದ್ದರು. ಮಾತು ಕಡಿಮೆ, ಬಾಯಲ್ಲಿ ಗುಂಡುಸೂಜಿ ಹೆಚ್ಚು. ಮಗಳು ಅಂಬೆಗಾಲು ಬಿಟ್ಟು ಮನೆಯೆಲ್ಲ ಕಿತ್ತು ಗುಡ್ಡೆ ಹಾಕಲು ಶುರುಮಾಡಿದಾಗ ಅವಳು ಒಂದೇ ಒಂದು ಪ್ರಶ್ನೆ ಕೇಳಿದ್ದಳು: "ರೀ, ಅದು ಕೂಸಿನ ಕೈಗೆ ಸಿಕ್ರೆ?"

ಗುಂಡು ತೆಗೆದು ಬೇರೆ ಕಡೆ ಇಡಬಹುದಿತ್ತು. ಆದರೆ ಗುಂಡಿಲ್ಲದ ರಿವಾಲ್ವರ್ ಎಂದರೆ ಕೈದೊಣ್ಣೆ ಎಂದು ನಂಬಿದವನು ಮಾಮ. ಅವನು ಬೇರೆ ಉಪಾಯ ಮಾಡಿದ. ಆರು ಮನೆಗಳಲ್ಲಿ ಐದಕ್ಕೆ ಮಾತ್ರ ಗುಂಡು ತುಂಬಿದ. ಖಾಲಿ ಬಿಟ್ಟ ಮನೆಯನ್ನು ನಳಿಗೆಯ ನೇರಕ್ಕಿರುವ ಮೇಲಿನ ಮನೆಯ ಎಡಪಕ್ಕಕ್ಕೆ ಬರುವಂತೆ ಇಟ್ಟು ಮುಚ್ಚಿದ. ಅವನ ರಿವಾಲ್ವರಿನ ಸಿಲಿಂಡರ್ ಬಲಕ್ಕೆ ತಿರುಗುವುದರಿಂದ, ಯಾರು ಟ್ರಿಗರ್ ಎಳೆದರೂ ಮೊದಲು ಮೇಲೆ ಬರುವುದು ಆ ಖಾಲಿ ಮನೆಯೇ. ಹೆಂಡತಿಯನ್ನು ಕೂರಿಸಿ, ಬಾಗಿಲ ಹಿಂದೆ ಮರಳು ತುಂಬಿದ ಬಕೆಟ್ ಇಟ್ಟು, ಅದರತ್ತ ಹಿಡಿದು ಎಳೆದ. ಟಕ್ ಎಂದಿತು, ಅಷ್ಟೇ. "ನೋಡಿದ್ಯಾ? ಮೊದಲ ಸಲ ಏನೂ ಆಗಲ್ಲ" ಎಂದ. ಆಮೇಲೆ ಸಿಲಿಂಡರ್ ತೆರೆದು ಖಾಲಿ ಮನೆಯನ್ನು ಮತ್ತೆ ಎಡಕ್ಕೆ ತಂದು, ಗೋಡೆಯ ಲಾಕರಿನಲ್ಲಿಟ್ಟು ಬೀಗ ಹಾಕಿದ. ಹೆಂಡತಿಯ ಮುಖ ತಿಳಿಯಾಯಿತು. ಲಿಫ್ಟಿಗೆ ಹತ್ತಿದವರ ಮುಖದ ಹಾಗೆಯೇ ಆಯಿತಲ್ಲ ಎಂದು ಮಾಮ ಹಿಗ್ಗಿದ.

ಅಂದಿನಿಂದ ಅದು ಆ ಮನೆಯ ಭಾನುವಾರದ ಶಾಸ್ತ್ರವಾಯಿತು. ಊರ ಹೊರಗಿನ ಗುರಿ ಅಭ್ಯಾಸದ ಮೈದಾನದಿಂದ ಬರುವುದು, ಎಣ್ಣೆ ಹಾಕಿ ಒರೆಸುವುದು, ಐದು ತುಂಬುವುದು, ಹೆಂಡತಿಗೆ ಕೇಳುವಂತೆ ಒಂದು ಟಕ್, ತೆರೆದು ಖಾಲಿ ಮನೆ ಮತ್ತೆ ಎಡಕ್ಕೆ, ಬೀಗ. ಶಾಸ್ತ್ರ ಎಂದ ಮೇಲೆ ಕೇಳಬೇಕೇ, ಬುದ್ಧಿ ಮಲಗುತ್ತದೆ, ಕೈ ಮಾತ್ರ ಕೆಲಸ ಮಾಡುತ್ತದೆ. ಮರಳಿನ ಬಕೆಟ್‌ನಲ್ಲಿ ಹೆಂಡತಿ ಯಾವುದೋ ಬಳ್ಳಿ ನೆಟ್ಟು ಕಿಟಕಿಗೆ ಸಾಗಿಸಿದಳು. ಆಮೇಲೆ ಕೆಲವು ವರ್ಷ ನೆಲದತ್ತ ಹಿಡಿದ. ಆಮೇಲೆ ಬಗ್ಗಿದರೆ ಸೊಂಟ ಹಿಡಿಯುತ್ತದೆಂದು ಯಾವ ಗೋಡೆ ಕಂಡರೆ ಆ ಗೋಡೆಯತ್ತ ಹಿಡಿದ. ಮೈದಾನದ ಗೆಳೆಯರು, "ಮಾಮ, ತುಂಬಿದ್ದನ್ನ ಮನೇಲಿ ಎಳೀತಾರೇನ್ರೀ?" ಎಂದು ಬೈದರೆ, "ನನ್ನದು ನನಗೆ ಗೊತ್ತು" ಎಂದು ಬಾಯಿ ಮುಚ್ಚಿಸುತ್ತಿದ್ದ. ಬುದ್ಧಿ ಹೇಳುವವನಿಗೆ ಬುದ್ಧಿ ಹೇಳುವವರು ಯಾರು!

ಮೈದಾನದ ಗೆಳೆಯರದೂ ಒಂದು ಪದ್ಧತಿಯಿತ್ತು. ವರ್ಷಕ್ಕೊಂದು ಭಾನುವಾರ ಅದಲುಬದಲು. ಪ್ರತಿಯೊಬ್ಬರೂ ತಮ್ಮ ಮುದ್ದಿನ ರಿವಾಲ್ವರನ್ನು ಮೇಜಿನ ಮೇಲಿಟ್ಟು, ಅದರಲ್ಲಿ ಅಂಥದ್ದೇನಿದೆ ಎಂದು ಹೇಳಬೇಕು. ಆಮೇಲೆ ಚೀಟಿ ಎತ್ತಿ ಒಂದು ವಾರದ ಮಟ್ಟಿಗೆ ಒಬ್ಬರದನ್ನು ಇನ್ನೊಬ್ಬರು ಒಯ್ಯಬೇಕು. ಬೇರೆಯವರ ಕೂಸನ್ನು ಎತ್ತಿಕೊಂಡಾಗಲೇ ತಮ್ಮ ಕೂಸಿನ ತೂಕ ತಿಳಿಯುವುದು ಎಂದು ಅವರ ವಾದ. ಕಾನೂನು ಇದಕ್ಕೆ ಏನನ್ನುತ್ತದೆ ಎಂದು ಯಾರೂ ಕೇಳಲು ಹೋಗಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅದೇ ನಡೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಮಾತನ್ನು ಕಣ್ಣಾರೆ ಕಾಣಬೇಕಾದರೆ ಅಂಥ ಮೇಜಿನ ಸುತ್ತ ಕೂರಬೇಕು. ಬೇಕರಿ ಅಕ್ಕ ತಂದದ್ದು ಗಿಡ್ಡ ಮೂತಿಯ ಐದು ಗುಂಡಿನದು, ತೀರಿಹೋದ ಗಂಡ ಕೊಡಿಸಿದ್ದು. ಹಿಡಿಯ ಒಂದು ಮೂಲೆ ಒಡೆದಿತ್ತು. "ಒಲೆ ಮುಂದೆ ಬೀಳಿಸ್ದೆ, ಅವರು ಬೈಲಿಲ್ಲ, ನಕ್ಕರು. ಅದಕ್ಕೇ ರಿಪೇರಿ ಮಾಡ್ಸಿಲ್ಲ" ಎಂದಳು. ಗುರಿಗೆ ಅದು ಅಷ್ಟಕ್ಕಷ್ಟೇ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಮಾಮ ತನ್ನದರ ಸದ್ದು ಕೇಳಿಸಿದ. ಎಲ್ಲರೂ ಪ್ರತಿವರ್ಷದಂತೆ ತಲೆದೂಗಿದರು.

ಕೊನೆಗೆ ಹಲ್ಲಿನ ಡಾಕ್ಟರು. ಅವರದು ಉದ್ದ ನಳಿಗೆಯ ಬಿಳಿ ಉಕ್ಕಿನದು, ಆರು ಗುಂಡಿನದೇ. ಹಿಡಿಯನ್ನು ತಮ್ಮ ಅಂಗೈಯ ಅಚ್ಚು ತೆಗೆದು, ಹಲ್ಲಿನ ಸೆಟ್ ಮಾಡಿಸಿದಷ್ಟೇ ಮುತುವರ್ಜಿಯಿಂದ ಮಾಡಿಸಿದ್ದರು. "ಬೆಣ್ಣೆ ಕಣ್ರೀ ಟ್ರಿಗರ್, ಬೆಣ್ಣೆ" ಎಂದರು. "ಇನ್ನೊಂದು ವಿಶೇಷ ನೋಡಿ. ಇದು ಎಡಕ್ಕೆ ತಿರುಗುತ್ತೆ. ನಿಮ್ಮದೆಲ್ಲ ಬಲಕ್ಕಲ್ವಾ? ಇದು ನನ್ನ ಹಾಗೆ, ಎಡಚ." ಡಾಕ್ಟರು ಎಡಗೈಯವರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು, ಮೇಜು ಬಡಿದು ಬಡಿದು ನಕ್ಕವನು, ಲಿಫ್ಟ್ ಮಾಮ. ಚೀಟಿ ಎತ್ತಿದಾಗ ಅವನಿಗೆ ಬಂದದ್ದೂ ಅದೇ.

ಮನೆಗೆ ಬಂದರೆ ಮಗಳು ಬಂದು ಕೂತಿದ್ದಳು, ಜೊತೆಗೆ ನಾಲ್ಕು ವರ್ಷ ತುಂಬಿದ ಮೊಮ್ಮಗಳು ಪುಟ್ಟಿ. ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮುಂದಿನ ದರ್ಜೆಯ ಕೆಲಸಕ್ಕೆ ಆರು ತಿಂಗಳ ತರಬೇತಿ, ಬೇರೆ ಊರಿನಲ್ಲಿ. ಅಳಿಯ ಹಡಗಿನವನು, ನೀರಿನ ಮೇಲೆ ಇರುವುದೇ ಹೆಚ್ಚು. ಪುಟ್ಟಿಯನ್ನು ಅಜ್ಜಿ ತಾತನ ಹತ್ತಿರ ಬಿಡಬೇಕೆಂದು ಮಾತಾಗಿತ್ತು. ಆ ಸುದ್ದಿ ಬಂದಾಗಿನಿಂದ ಮಾಮನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಂಚಕ್ಕೆ ಅಡ್ಡಪಟ್ಟಿ ಬಡಿದಿದ್ದ, ಬಾಲ್ಕನಿಗೆ ಜಾಲರಿ ಹಾಕಿದ್ದ, ಒಲೆಯ ಗುಂಡಿಗಳಿಗೆ ಮುಚ್ಚಳ ಮಾಡಿದ್ದ. ಮೊಮ್ಮಗಳು ಆರು ತಿಂಗಳು ಇದೇ ಮನೆಯಲ್ಲಿ! ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಆಗ ಬೇರೆ ಇರಲಿಲ್ಲ.

ಊಟವಾದ ಮೇಲೆ ಪುಟ್ಟಿಯನ್ನು ಅಜ್ಜಿ ಒಳಗೆ ಕರೆದುಕೊಂಡು ಹೋದಳು. ಮಗಳು ಸೋಫಾದ ತುದಿಗೆ ಸರಿದು ಕೂತು, "ಅಪ್ಪಾ, ಒಂದು ಮಾತು" ಎಂದಳು.

"ಹೇಳಮ್ಮ."

"ಅದು ಈ ಮನೇಲಿದ್ರೆ ಪುಟ್ಟೀನ ಬಿಡಲ್ಲ."

ಅದು ಎಂದರೆ ಯಾವುದು ಎಂದು ಮಾಮ ಕೇಳಬೇಕಾಗಿರಲಿಲ್ಲ. ನಕ್ಕುಬಿಟ್ಟ. "ನೀನು ಇದೇ ಮನೇಲಿ ಬೆಳೀಲಿಲ್ವೇನೇ? ನಿನಗೇನಾಯ್ತು?"

"ನನಗೇನೂ ಆಗ್ಲಿಲ್ಲ ಅಂತ ಅವಳಿಗೂ ಆಗಲ್ಲ ಅಂತಿದ್ಯಾ?"

"ಬೀಗ ಇದೆ."

"ಕೀಲಿ ಎಲ್ಲಿರುತ್ತೆ ಅಂತ ನನಗೆ ಏಳು ವರ್ಷಕ್ಕೇ ಗೊತ್ತಿತ್ತು ಅಪ್ಪ."

ಇದನ್ನು ಕೇಳಿದ ಕೂಡಲೇ ಎದ್ದು ಹೋಗಿ ರಿವಾಲ್ವರನ್ನು ಗೆಳೆಯರಿಗೆ ಕೊಟ್ಟು ಬರಬೇಕಿತ್ತು. ಮಾಮನಿಗೆ ಕೇಳಿದ್ದು ಬೇರೆ: ಮಗಳು ಲಿಫ್ಟಿನ ಬಾಗಿಲಲ್ಲಿ ಹೆದರಿ ನಿಂತಿದ್ದಾಳೆ, ತಾನೊಮ್ಮೆ ಹೋಗಿ ಬಂದರೆ ಸರಿಹೋಗುತ್ತದೆ. "ಇರು, ತೋರಿಸ್ತೀನಿ" ಎಂದ. ಚೀಲದಿಂದ ಡಾಕ್ಟರರ ಬಿಳಿ ರಿವಾಲ್ವರ್ ತೆಗೆದ. ಗುಂಡು ಎರಡಕ್ಕೂ ಒಂದೇ ಅಳತೆ. ಬಾಯಿ ಮಗಳಿಗೆ ಸಮಾಧಾನ ಹೇಳುತ್ತಿತ್ತು, ಕೈ ಐದು ಗುಂಡು ತುಂಬುತ್ತಿತ್ತು. ಖಾಲಿ ಮನೆಯನ್ನು ಎಂದಿನಂತೆ ಎಡಪಕ್ಕಕ್ಕೆ ತಂದು ಮುಚ್ಚಿತು.

"ಬೇಡ ಅಪ್ಪಾ, ನನಗೆ ನೋಡೋದು ಬೇಕಿಲ್ಲ."

"ಮೊದಲ ಸಲ ಏನೂ ಆಗಲ್ಲಮ್ಮ. ನಾನಿದ್ದೀನಲ್ಲ."

ಮಗಳು ಕಿಟಕಿಯ ಕಡೆ ಕೂತಿದ್ದಳು. ಅವಳತ್ತ ಹಿಡಿಯಬಾರದು ಎಂಬ ಎಚ್ಚರ ಮಾತ್ರ ಮಾಮನಿಗೆ ಇತ್ತು. ಅದಕ್ಕೆ ಅವಳಿಗೆ ಬೆನ್ನು ಮಾಡಿ, ಎದುರಿನ ಪ್ಲೈವುಡ್ ಹಲಗೆಯತ್ತ ತಿರುಗಿ, ಎಳೆದ. ಟ್ರಿಗರ್ ನಿಜಕ್ಕೂ ಬೆಣ್ಣೆಯಂತಿತ್ತು.

ಆ ಸದ್ದಿನ ನಂತರ ಮನೆಯಲ್ಲಿ ಸದ್ದೇ ಇಲ್ಲದಂತಾಯಿತು. ಕಿವಿಯಲ್ಲಿ ಒಂದೇ ಸಮ ಕುಯ್ಯೆನ್ನುವ ನಾದ, ಮೂಗಿಗೆ ಸುಟ್ಟ ಮದ್ದಿನ ವಾಸನೆ. ಹಲಗೆಯಲ್ಲಿ ಕಡಲೆ ಗಾತ್ರದ ತೂತು. ಮಾಮ ಆ ತೂತನ್ನೇ ನೋಡುತ್ತ ನಿಂತ. ಅದರ ಆಚೆ ಏನಿದೆ ಎನ್ನುವುದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದದ್ದು ಒಂದೊಂದಾಗಿ. ಅಲ್ಲಿ ಮಿಷನ್ ಇದೆ. ಮಿಷನ್ ಮುಂದೆ ಕುರ್ಚಿ ಇದೆ. ಭಾನುವಾರ ಈ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಅವನ ಹೆಂಡತಿ ಇರುತ್ತಾಳೆ. ಇವತ್ತು ಅವಳ ಜೊತೆ ಪುಟ್ಟಿಯೂ ಇದ್ದಾಳೆ.

ಮಗಳು ಅವನನ್ನು ತಳ್ಳಿಕೊಂಡೇ ಓಡಿದಳು. ಅವನು ಅಲ್ಲೇ ಗರಬಡಿದವನಂತೆ, ಕೈಯಲ್ಲಿ ಆ ಬಿಳಿ ಪೀಡೆಯನ್ನು ಹಿಡಿದು ನಿಂತಿದ್ದ. ನಲವತ್ತು ವರ್ಷ ಜನರನ್ನು ಹೊಂಡದಿಂದ ಎತ್ತಿದ ಮನುಷ್ಯನಿಗೆ ತನ್ನ ಮನೆಯ ಇನ್ನರ್ಧಕ್ಕೆ ಕಾಲಿಡುವ ಧೈರ್ಯ ಬರಲಿಲ್ಲ. ಆಚೆಯಿಂದ ಅಳು ಕೇಳಿಸುವ ತನಕ ಅವನು ಉಸಿರಾಡಿದ್ದನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಪುಟ್ಟಿಯ ಅಳು, ಜೋರಾಗಿ, ಗಂಟಲು ಬಿರಿಯುವಂತೆ. ಅಷ್ಟು ಇಂಪಾದ ಸದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಹೆಂಡತಿ ಕುರ್ಚಿಯಲ್ಲಿ ಇರಲಿಲ್ಲ. ಪುಟ್ಟಿಗೆ ಫ್ರಾಕ್ ಹೊಲಿಯಲೆಂದು ನೆಲದ ಮೇಲೆ ಮಂಡಿಯೂರಿ ಅಳತೆ ತೆಗೆಯುತ್ತಿದ್ದಳು. ಗುಂಡು ಹಲಗೆ ತೂರಿ, ಗಿರಾಕಿಯೊಬ್ಬರ ತೂಗುಹಾಕಿದ್ದ ಕೋಟಿನ ಭುಜ ಹರಿದು, ಕುರ್ಚಿಯ ಬೆನ್ನಿಗಿಂತ ಗೇಣು ಮೇಲೆ ಗೋಡೆಯಲ್ಲಿ ಹೂತುಹೋಗಿತ್ತು. ಮಗಳು ಪುಟ್ಟಿಯನ್ನು ಎದೆಗವಚಿಕೊಂಡು ತಲೆಯಿಂದ ಕಾಲಿನವರೆಗೆ ತಡವಿ ತಡವಿ ನೋಡುತ್ತಿದ್ದಳು. ಹೆಂಡತಿ ಎದ್ದು ಬಂದಳು. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿಗಳು. ಅವನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿಗೆ ಕಟ್ಟಿದ್ದ ಸೂಜಿದಿಂಬಿಗೆ ಚುಚ್ಚಿದಳು. ಗಂಡನ ಕೈ ನೋಡಿದಳು, ಮುಖ ನೋಡಿದಳು.

"ಖಾಲಿ ಇತ್ತು" ಎಂದ ಮಾಮ. "ಖಾಲಿ ಇತ್ತು ಕಣೇ. ನಾನೇ ಇಟ್ಟಿದ್ದು. ಖಾಲಿ ಇತ್ತು."

ಅವಳು ಹಲಗೆಯ ತೂತಿನತ್ತ ತಿರುಗಿ ನೋಡಿದಳು.

ಮೇಲಿನವರು, ಕೆಳಗಿನವರು ಎಲ್ಲ ಓಡಿ ಬಂದರು. ಯಾರೋ ಡಾಕ್ಟರಿಗೆ ಫೋನ್ ಮಾಡಿದರು. ಅವರು ಮನೆಚಪ್ಪಲಿಯಲ್ಲೇ ಬಂದರು, ಗೋಡೆ ನೋಡಿದರು, ರಿವಾಲ್ವರ್ ತೆರೆದು ನೋಡಿದರು. ಎಡದ ಮನೆ ಖಾಲಿ. ಅದು ಎಡಕ್ಕೇ ಇನ್ನೊಂದಿಷ್ಟು ಕೆಳಗೆ ಸರಿದಿತ್ತು, ಯಾರೂ ಅದನ್ನು ಕರೆದಿರಲೇ ಇಲ್ಲ. ಮೇಲೆ ಬಂದು ಸಿಡಿದದ್ದು ಬಲದ್ದು. ಡಾಕ್ಟರು ಪೆಚ್ಚಾಗಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು.

"ಮಾಮ, ಎಡಕ್ಕೆ ತಿರುಗುತ್ತೆ ಅಂತ ಹೇಳಿದ್ನಲ್ರೀ. ಬೆಳಿಗ್ಗೆ ತಾನೇ ಹೇಳಿದ್ನಲ್ರೀ."

ಹೇಳಿದ್ದರು. ಮಾಮ ನಕ್ಕಿದ್ದ. ಕಿವಿ ಕೇಳಿತ್ತು, ಕೈಗೆ ತಿಳಿಸಿರಲಿಲ್ಲ. ಇಷ್ಟು ವರ್ಷ ತಾನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಿದ್ದವನಿಗೆ, ತಾನು ಯಾವತ್ತೂ ಏನನ್ನೂ ಪರೀಕ್ಷಿಸಿಯೇ ಇರಲಿಲ್ಲ, ಬರೀ ಆಟ ಕಟ್ಟಿ ತೋರಿಸುತ್ತಿದ್ದೆ ಎಂದು ಆಗ ಅರಿವಾಯಿತು. ಠಾಣೆಯಿಂದ ಅಧಿಕಾರಿ ಬಂದರು. ಹಲಗೆಯ ತೂತಿಗೆ ಬೆರಳಿಟ್ಟು ನೋಡಿ, ಮಾಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವೇನಾ ನಮ್ಮ ಠಾಣೆ ಲಿಫ್ಟ್ ನೋಡ್ಕೊಳ್ಳೋರು?" ಎಂದರು. ಡಾಕ್ಟರರ ರಿವಾಲ್ವರ್ ತೆಗೆದುಕೊಂಡರು, ಅದಲುಬದಲಿನ ವಿಷಯ ಕೇಳಿ ಮಾಮನದನ್ನೂ ತರಿಸಿಕೊಂಡರು. ಇಬ್ಬರ ಪರವಾನಗಿಯೂ ಇನ್ನು ಉಳಿಯುವುದಿಲ್ಲ ಎಂದು ಹೇಳಿ ಹೋದರು. ಮಾಮ ತಲೆಯಾಡಿಸಿದ. ಮುದ್ದಿನ ರಿವಾಲ್ವರ್ ಹೋಯಿತೆಂದು ಒಂದು ತೊಟ್ಟು ಸಂಕಟವೂ ಆಗಲಿಲ್ಲ. ಅದೇ ಅವನಿಗೆ ಆಶ್ಚರ್ಯ.

ಸಂಜೆಯ ಹೊತ್ತಿಗೆ ಜನ ಕರಗಿದರು. ಪುಟ್ಟಿ ಅತ್ತು ಸುಸ್ತಾಗಿ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಮಗಳು ಅವಳ ಪಾದ ಹಿಡಿದುಕೊಂಡು ಕೂತಿದ್ದಳು. ಹೆಂಡತಿ ಹೊಲಿಗೆಯ ಕೋಣೆಯಿಂದ ಕುರ್ಚಿ ಎಳೆದು ತಂದು ಅವರ ಪಕ್ಕ ಕೂತಳು.

"ಅದು ಹೋಯ್ತಮ್ಮ" ಎಂದ ಮಾಮ. ದನಿ ಅವನದೇ ಎನ್ನಿಸಲಿಲ್ಲ. "ಇನ್ನು ಈ ಮನೆಗೆ ಯಾವತ್ತೂ ಬರಲ್ಲ. ನಿನ್ನಾಣೆ. ಪುಟ್ಟೀನ... ಬಿಟ್ಟು ಹೋಗ್ತೀಯಾ?"

ಮಗಳು ಪುಟ್ಟಿಯ ಪಾದದಿಂದ ಕಣ್ಣೆತ್ತಲಿಲ್ಲ. "ನನಗೆ ಅದರದ್ದಲ್ಲ ಅಪ್ಪ ಹೆದರಿಕೆ. ಬೇಡ ಅಂತ ಅಂದೆ. ನೀನು ಕೇಳ್ಲಿಲ್ಲ." ಕಣ್ಣೊರೆಸಿಕೊಂಡಳು. ಆದರೂ ಹೆತ್ತ ಅಪ್ಪ; ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷ ಮುದುಕನಾದವನನ್ನು ನೋಡಿ ಅವಳ ಕರುಳು ಚುರುಕ್ ಎಂದಿರಬೇಕು. "ನೋಡೋಣ. ಅಮ್ಮ ಇದ್ದಾಳಲ್ಲ, ಅವಳ ಮೇಲೆ ನನಗೆ ನಂಬಿಕೆ ಇದೆ" ಎಂದಳು. ತಾಯಿಯತ್ತ ತಿರುಗಿ, "ಅಮ್ಮಾ, ನೀನು ಹೇಗೆ ಇಷ್ಟು ವರ್ಷ ಅದರ ಜೊತೆ ಇದ್ದೆ? ನಾನು ಚಿಕ್ಕವಳಿದ್ದಾಗ ನಿನಗೆ ಹೆದರಿಕೆ ಆಗ್ತಿರ್ಲಿಲ್ವಾ?" ಎಂದು ಕೇಳಿದಳು.

"ಆಗ್ತಿತ್ತು" ಎಂದಳು ಹೆಂಡತಿ. "ಆದ್ರೆ ನಾನೂ ನೋಡ್ಕೊಳ್ತಿದ್ನಲ್ಲ."

"ಏನು ನೋಡ್ಕೊಳ್ತಿದ್ದೆ?" ಎಂದ ಮಾಮ.

"ಅದನ್ನೇ. ನೀವು ನೋಡ್ತಿದ್ದ ಹಾಗೆ. ನಿಮ್ಮದು ಭಾನುವಾರ ಆಗ್ತಿತ್ತು. ನಡುವೆ ಒಳಗೇನಾದ್ರೂ ಸರಿದಿದ್ರೆ ಅಂತ ನನಗೆ ದಿಗಿಲು. ಇವಳ ಗೆಳತಿಯರು ಆಟಕ್ಕೆ ಬರ್ತಾರೆ ಅಂದ್ರೆ, ಯಾರಾದ್ರೂ ಗಿರಾಕಿ ಮಕ್ಕಳನ್ನ ಕರ್ಕೊಂಡು ಬರ್ತಾರೆ ಅಂದ್ರೆ, ಮೊದಲೇ ತೆಗೆದು ಒಂದ್ಸಲ ಒತ್ತಿ ನೋಡ್ತಿದ್ದೆ. ಟಕ್ ಅಂದ್ಮೇಲೆ ಸಮಾಧಾನ. ಹಾಗೇ ಇಟ್ಟು ಬೀಗ ಹಾಕ್ತಿದ್ದೆ."

ಮಾಮನಿಗೆ ಆಗ ನೆನಪಾಯಿತು. ಎಷ್ಟೋ ಭಾನುವಾರ ಸಿಲಿಂಡರ್ ತೆರೆದಾಗ ಖಾಲಿ ಮನೆ ಎಡಕ್ಕಿರದೆ ಮೇಲೆ ಬಂದು ಕೂತಿರುತ್ತಿತ್ತು. ಹಿಂದಿನ ವಾರ ವಾಪಸ್ ತಿರುಗಿಸಲು ಮರೆತಿದ್ದೆ ಎಂದುಕೊಂಡು ಮುಂದಿನ ಕೆಲಸ ನೋಡುತ್ತಿದ್ದ. ಅವನು ಮರೆತಿರಲಿಲ್ಲ.

"ಎಲ್ಲಿಗೆ ಹಿಡೀತಿದ್ದೆ?" ಎಂದ. ಅದನ್ನೇ ಏಕೆ ಕೇಳಿದನೋ.

"ಗೋಡೆಗೆ ಹಿಡಿದ್ರೆ ಆಚೆ ಯಾರಿರ್ತಾರೋ ಏನೋ." ಅವಳು ಎಡಗೈ ಎತ್ತಿ ತೋರಿಸಿದಳು. "ಅಂಗೈ ಅಡ್ಡ ಇಟ್ಕೊಳ್ತಿದ್ದೆ. ಏನಾದ್ರೂ ಆದ್ರೆ ನನ್ನ ಕೈಗೆ ಆಗ್ಲಿ ಅಂತ."

ಮಗಳು "ಅಮ್ಮಾ" ಎಂದು ಚೀರಿ, ಪುಟ್ಟಿ ಮಲಗಿದ್ದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಹೆಂಡತಿಗೆ ಇವರ ಗಾಬರಿ ಇನ್ನೂ ಅರ್ಥವಾಗಿರಲಿಲ್ಲ. ಎಲ್ಲವನ್ನೂ ಹೇಳಿಬಿಡುವ ಹುಮ್ಮಸ್ಸು ಬಂದಿತ್ತು, ಮಾತು ಕಡಿಮೆಯವರಿಗೆ ಒಮ್ಮೊಮ್ಮೆ ಬರುವಂತೆ. "ನಾಳೆನೂ ಪುಟ್ಟಿ ಏಳೋ ಮೊದ್ಲು ನೋಡ್ಬೇಕು ಅಂತಿದ್ದೆ. ಒಂದ್ಸಲ ಇವಳು ಐದನೇ ಕ್ಲಾಸಲ್ಲಿದ್ದಾಗ, ಒಂದೇ ವಾರ ಎರಡು ಸಲ ಹುಡುಗಿಯರು ಬಂದ್ರು. ಮೊದಲ ಸಲ ನೋಡಿದ್ದೆ. ಎರಡನೇ ಸಲ ನೋಡೋಕೆ ಹೋದ್ರೆ ಕೀಲಿ ಇಲ್ಲ, ನೀವು ಜೇಬಲ್ಲಿ ಹಾಕ್ಕೊಂಡು ಕೆಲಸಕ್ಕೆ ಹೋಗಿದ್ರಿ. ಆವತ್ತು ಅವರು ಹೋಗೋ ತನಕ ನನ್ನ ಜೀವ ಜೀವದಲ್ಲಿರ್ಲಿಲ್ಲ."

ಮೊದಲ ಸಲ ಏನೂ ಆಗುವುದಿಲ್ಲ ಎಂದು ಮಾಮ ಅವಳಿಗೆ ಕಲಿಸಿದ್ದ. ಎರಡನೆಯ ಸಲ ಏನಾಗುತ್ತದೆ ಎಂದು ಕಲಿಸಿರಲಿಲ್ಲ. ತಾನು ಪ್ರತಿಸಲ ಎಳೆದ ಮೇಲೆ ತೆರೆದು ತಿರುಗಿಸಿ ಇಡುವುದು ಅವಳ ಕಣ್ಣೆದುರೇ ನಡೆಯುತ್ತಿತ್ತು. ಅದು ಏಕೆಂದು ಹೇಳುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಅವಳು ಒತ್ತಿಟ್ಟ ಪ್ರತಿಸಲವೂ ಮುಂದಿನ ಬೆರಳಿಗೆ ತುಂಬಿದ ಮನೆ ಕಾದು ಕೂತಿರುತ್ತಿತ್ತು, ಅವಳದೋ, ಲಾಕರಿನ ಕೀಲಿಯ ಜಾಗ ತಿಳಿದಿದ್ದ ಮಗಳದೋ. ಒಂದು ಕೀಲಿ ಮರೆತು ಜೇಬಿಗೆ ಬಿದ್ದಿದ್ದರಿಂದ ಅವಳಿಗೆ ಆ ಕೈ ಉಳಿದಿತ್ತು. ಅಂಗೈಯ ಹಿಂದೆ ಮೈ ಇತ್ತು. ಕೈ ಮಾತ್ರವೇ ಉಳಿದದ್ದು?

ಅವನ ಮುಖ ನೋಡಿ ಹೆಂಡತಿಯ ಮಾತು ನಿಧಾನವಾಯಿತು, ನಿಂತಿತು. ಅವಳು ತನ್ನ ಅಂಗೈಯನ್ನೇ ನೋಡಿಕೊಂಡಳು.

"ಎರಡನೇ ಸಲ ಒತ್ತಿದ್ರೆ ಏನಾಗ್ತಿತ್ತು ರೀ?"

ಏನಾದರೊಂದು ಹೇಳಿ ಸಮಾಧಾನ ಮಾಡುವುದು ಅವನಿಗೆ ಕರಗತವಾದ ವಿದ್ಯೆ. ಆ ಹೊತ್ತಿನಲ್ಲಿ ಅದು ಬಾಯಿಗೆ ಬರಲಿಲ್ಲ.

"ಸಿಡೀತಿತ್ತು" ಎಂದ.

ಹೆಂಡತಿ ಆ ಕೈಯನ್ನು ಮಡಿಲಿಗೆ ತಂದು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಆಮೇಲೆ ಎದ್ದು ಹೊಲಿಗೆಯ ಕೋಣೆಗೆ ಹೋದಳು. ಮಿಷನ್ನಿನ ಮೇಲೆ ಮುಚ್ಚಳ ಇಟ್ಟ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಪುಟ್ಟಿಯ ಫ್ರಾಕಿಗೆಂದು ತೆಗೆದಿಟ್ಟ ಬಟ್ಟೆಯ ಮಡಿಕೆ ಇತ್ತು. ಮಗಳ ಮುಂದೆ ನಿಂತು, ಗಂಡನಿಗೂ ಕೇಳುವಂತೆ ಹೇಳಿದಳು.

"ಪುಟ್ಟೀನ ಇಲ್ಲಿ ಬಿಡ್ಬೇಡ. ನೀನು ಹೋಗೋ ಊರಿಗೆ ನಾನೇ ಬರ್ತೀನಿ. ಆರು ತಿಂಗಳು ಅಲ್ಲೇ ನೋಡ್ಕೊಳ್ತೀನಿ."

"ನಾನು?" ಎಂದ ಮಾಮ.

ಹೆಂಡತಿ ಅವನತ್ತ ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ನೀವು ಇನ್ನು ಏನು ಹೇಳಿದ್ರೂ ನನಗೆ ನಂಬೋಕೆ ಆಗಲ್ವಲ್ರೀ" ಎಂದಳು, ಅದು ತನ್ನದೇ ತಪ್ಪೇನೋ ಎಂಬಂತೆ.